ಅನುಸರಿಸಿಕೊಂಡು ಹೋಗಬೇಕಾದವರು ಯಾರು?

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊಡೆತ ಬಡಿತ, ವರದಕ್ಷಿಣೆ, ಕೋರ್ಟು ಕಛೇರಿಗಳ ವಿಷಯಕ್ಕೆ ಬರುವ ಮೊದಲು ಇವತ್ತು ಟಿ.ವಿ. ಧಾರಾವಾಹಿಗಳಿಂದ ಮಾತು ಶುರು ಮಾಡುತ್ತೇನೆ. ಧಾರಾವಾಹಿ ನೋಡುವುದು ಕೆಲಸವಿಲ್ಲದವರ ಚಟ ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಬೆಳಗಿನಿಂದ ಹೊಲ, ಕೊಟ್ಟಿಗೆ, ಒಲೆ ಎಂದು ಸುತ್ತಿದ ಹೆಣ್ಣಿಗೆ ಸಂಜೆ ಅರ್ಧ ಗಂಟೆ ಕಾಲು ಚಾಚಿ ಕೂರಲು ಸಿಗುವ ನೆಪ ಅದು. ಆದರೆ ಕಥೆ ಮುಗಿದ ಮೇಲೆ ನಾವು ಆಡಿಕೊಳ್ಳುವ ಮಾತನ್ನು ಸ್ವಲ್ಪ ಗಮನಿಸಬೇಕು.

ಕೆಲಸಕ್ಕೆ ಹೋಗುವ ಸೊಸೆಯ ಕಥೆ ಬರುತ್ತದೆ. ಅವಳಿಗೆ ಬಡ್ತಿ ಸಿಗುತ್ತದೆ, ಮನೆಯಲ್ಲಿ ಜಗಳ ಆಗುತ್ತದೆ. ಗಂಡ ಮುಖ ತಿರುಗಿಸುತ್ತಾನೆ, ಅತ್ತೆ ಊಟ ಬಿಡುತ್ತಾಳೆ. ಕೊನೆಗೆ ಅವಳು ರಾಜೀನಾಮೆ ಬರೆದು ದೇವರ ಮುಂದೆ ದೀಪ ಹಚ್ಚುತ್ತಾಳೆ. ಆಗ ನಮ್ಮಲ್ಲೇ ಒಬ್ಬರು ಹೇಳುತ್ತೇವೆ: "ಪಾಪ, ಸಂಸಾರ ಉಳಿಸಿಕೊಂಡಳು." ಅವಳು ರಾಜೀನಾಮೆ ಕೊಡದೆ ಹೋದರೆ ಹೇಳುವುದು ಬೇರೆ: "ಸ್ವಲ್ಪ ಅನುಸರಿಸಿಕೊಂಡು ಹೋಗಬಾರದಿತ್ತೆ?"

ಈ ಮಾತನ್ನು ನಾವು ಪರದೆಯ ಮೇಲಿನ ಹೆಣ್ಣಿಗೆ ಮಾತ್ರ ಹೇಳುವುದಿಲ್ಲ. ಏಟು ತಿಂದು ತವರಿಗೆ ಬಂದ ಮಗಳಿಗೂ ಇದನ್ನೇ ಹೇಳುತ್ತೇವೆ. ಸಂಘದಲ್ಲಿ ಪಕ್ಕ ಕೂತವಳು ಕಣ್ಣೀರು ಹಾಕಿದರೆ ಅವಳಿಗೂ ಇದನ್ನೇ ಹೇಳುತ್ತೇವೆ. ಆದ್ದರಿಂದ ಈ ಮಾತಿನ ಅರ್ಥ ಏನೆಂದು ಒಮ್ಮೆ ಬಿಡಿಸಿ ನೋಡೋಣ.

ನಮ್ಮ ಭಾಷೆಯಲ್ಲಿ ಮೂರು ಮಾತುಗಳಿವೆ. ಒಂದು, ಹೊಂದಾಣಿಕೆ. ಹೊಂದಿಕೊಳ್ಳಲು ಇಬ್ಬರು ಬೇಕು. ನೊಗಕ್ಕೆ ಕಟ್ಟಿದ ಎರಡು ಎತ್ತು ಒಂದೇ ಹೆಜ್ಜೆ ಹಾಕಬೇಕಾದರೆ ಎರಡೂ ಸ್ವಲ್ಪ ಸ್ವಲ್ಪ ಬದಲಾಗಬೇಕು. ಎರಡನೆಯದು ರಾಜಿ. ಇದು ಪಂಚಾಯ್ತಿ ಕಟ್ಟೆಯ ಮಾತು. ನಾಲ್ಕು ಜನ ಸೇರಿ ಮಾಡಿಸುತ್ತಾರೆ. ಬಲ ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಮೂರನೆಯದು ಅನುಸರಿಸುವುದು. ಅನುಸರಿಸುವುದು ಎಂದರೆ ಹಿಂದೆ ನಡೆಯುವುದು. ಮುಂದೆ ಒಬ್ಬ ಇರುತ್ತಾನೆ, ದಾರಿ ಅವನದು. ಹೆಣ್ಣುಮಕ್ಕಳಿಗೆ "ಹೊಂದಾಣಿಕೆ ಮಾಡಿಕೊ" ಎಂದು ಹೇಳುವಾಗಲೂ ನಾವು ನಿಜವಾಗಿ ಕೇಳುವುದು ಈ ಮೂರನೆಯದನ್ನು.

ಆಸೆಯ ವಿಷಯದಲ್ಲೂ ಹೀಗೆಯೇ. ಗಂಡು ಮೇಲೆ ಬರಬೇಕೆಂದು ಹಟ ಹಿಡಿದರೆ ಛಲಗಾರ ಎನ್ನುತ್ತೇವೆ. ಹೆಣ್ಣು ಹಟ ಹಿಡಿದರೆ ಗಂಡುಬೀರಿ, ಹಟಮಾರಿ, ಮನೆ ಮುರುಕಿ. ಹಟ ಒಂದೇ, ಕೊಟ್ಟ ಹೆಸರು ಬೇರೆ.

ನಿಮ್ಮಲ್ಲಿ ಸ್ವಲ್ಪ ವಯಸ್ಸಾದವರಿಗೆ ದೂರದರ್ಶನದಲ್ಲಿ 1989ರಿಂದ ಬಂದ 'ಉಡಾನ್' ಎಂಬ ಹಿಂದಿ ಧಾರಾವಾಹಿ ನೆನಪಿರಬಹುದು. ಉಡಾನ್ ಎಂದರೆ ಹಾರುವುದು. ಆಗ ಎಷ್ಟೋ ಊರುಗಳಲ್ಲಿ ಒಂದೆರಡು ಮನೆಗಳಲ್ಲಿ ಮಾತ್ರ ಟಿ.ವಿ. ಇತ್ತು. ಆಸ್ತಿ ಜಗಳದಲ್ಲಿ ಅನ್ಯಾಯ ಕಂಡ ಮನೆಯ ಕಲ್ಯಾಣಿ ಎಂಬ ಹುಡುಗಿ ಓದಿ ಪೊಲೀಸ್ ಅಧಿಕಾರಿಯಾಗುವ ಕಥೆ ಅದು. ಅದನ್ನು ಬರೆದವರು, ನಿರ್ದೇಶಿಸಿದವರು, ಕಲ್ಯಾಣಿಯಾಗಿ ನಟಿಸಿದವರು ಮೂವರೂ ಒಬ್ಬರೇ, ಕವಿತಾ ಚೌಧರಿ. ಕಥೆಗೆ ಅವರ ಸ್ವಂತ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕೇ ಮೂಲ. ಕಾಂಚನ್ 1973ರ ತಂಡದ ಐ.ಪಿ.ಎಸ್. ಅಧಿಕಾರಿ. 2004ರಲ್ಲಿ ಉತ್ತರಾಖಂಡ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾದರು. ಒಂದು ರಾಜ್ಯದ ಇಡೀ ಪೊಲೀಸ್ ಪಡೆಗೆ ಮುಖ್ಯಸ್ಥೆಯಾದ ದೇಶದ ಮೊದಲ ಹೆಂಗಸು ಅವರು. ಅಕ್ಕ 2019ರಲ್ಲಿ, ತಂಗಿ 2024ರಲ್ಲಿ ತೀರಿಕೊಂಡರು.

ಇದೇ ಕವಿತಾ ಚೌಧರಿಯವರನ್ನು ಅದೇ ಕಾಲದಲ್ಲಿ ಜನ ಇನ್ನೊಂದು ರೂಪದಲ್ಲೂ ನೋಡಿದ್ದರು. ಸರ್ಫ್ ಸೋಪಿನ ಪುಡಿಯ ಜಾಹೀರಾತಿನಲ್ಲಿ ಬರುತ್ತಿದ್ದ ಲಲಿತಾಜಿ ಅವರೇ. ಪೈಸೆ ಪೈಸೆ ಲೆಕ್ಕ ಹಾಕಿ ಸಾಮಾನು ಕೊಳ್ಳುವ ಜಾಣ ಗೃಹಿಣಿ ಲಲಿತಾಜಿಯನ್ನು ಎಲ್ಲರೂ ಮೆಚ್ಚಿದರು. ಅಂಗಡಿಯ ಮುಂದೆ ಹೆಣ್ಣು ಲೆಕ್ಕ ಹಾಕಿದರೆ ಸಮಾಜಕ್ಕೆ ತೊಂದರೆ ಇಲ್ಲ. ಅದೇ ಹೆಣ್ಣು ತನ್ನ ದುಡಿಮೆಯ ಲೆಕ್ಕ, ತನ್ನ ಆಸ್ತಿಯ ಲೆಕ್ಕ, ತನ್ನ ಆಯುಸ್ಸಿನ ಲೆಕ್ಕ ಕೇಳಿದರೆ ಮಾತ್ರ ತೊಂದರೆ. ಕಲ್ಯಾಣಿ ಕೇಳಿದ್ದು ಈ ಎರಡನೆಯ ಲೆಕ್ಕ. ಹೆಣ್ಣಿನ ಆಸೆಯನ್ನು ತಪ್ಪು ಎಂದು ತೋರಿಸದೆ ಅದನ್ನೇ ಕಥೆಯ ಬೆನ್ನೆಲುಬು ಮಾಡಿದ್ದರಿಂದ ಆ ಧಾರಾವಾಹಿಯನ್ನು ಇಂದಿಗೂ ನೆನೆಯುತ್ತಾರೆ.

"ಅದೆಲ್ಲ ಉತ್ತರ ದೇಶದ ಕಥೆ, ದೊಡ್ಡ ಓದು ಓದಿದವರ ಕಥೆ" ಎಂದು ನೀವು ಹೇಳಬಹುದು. ಹಾಗಾದರೆ ಪಕ್ಕದಲ್ಲೇ ನೋಡೋಣ. ಪಿರಿಯಾಪಟ್ಟಣದಿಂದ ಬೈಲುಕುಪ್ಪೆ ದಾಟಿ ಕಾವೇರಿ ಸೇತುವೆಯಾಚೆ ಕಾಲಿಟ್ಟರೆ ಕೊಡಗು. ಅಲ್ಲಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು ಸಿ.ಬಿ. ಮುತ್ತಮ್ಮ. ಒಂಬತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ನಾಲ್ಕು ಮಕ್ಕಳನ್ನೂ ಓದಿಸಿದರು. ಮುತ್ತಮ್ಮ 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದರು. ಪರೀಕ್ಷೆ ಬರೆದು ಆ ಸೇವೆಗೆ ಸೇರಿದ ಮೊದಲ ಹೆಂಗಸು ಅವರು.

ಅವರು ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮದುವೆಯಾದರೆ ಕೆಲಸ ಬಿಡುತ್ತೇನೆ ಎಂಬ ಮುಚ್ಚಳಿಕೆ. ಆಮೇಲೆ ಬಂದ 1961ರ ನಿಯಮ ಕೂಡ ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ಬಳಿಕ ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು ಎಂದು ಹೇಳುತ್ತಿತ್ತು. ಗಂಡು ಅಧಿಕಾರಿಗೆ ಇಂಥ ನಿಯಮ ಇರಲಿಲ್ಲ. ಅವನಿಗೂ ಹೆಂಡತಿ ಮಕ್ಕಳು ಇರುತ್ತಾರಲ್ಲ, ಅವನಿಗೆ ಸಂಸಾರ ಅಡ್ಡಿಯಾಗುವುದಿಲ್ಲವೆ ಎಂದು ಕೇಳುವವರಿರಲಿಲ್ಲ. ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿ ದೇಶಕ್ಕೆ ರಾಯಭಾರಿಯಾದರು. ಇಷ್ಟಾದರೂ ಮುಂದಿನ ಬಡ್ತಿಯ ಸಮಯ ಬಂದಾಗ ಅವರನ್ನು ಬಿಟ್ಟು ಮುಂದೆ ಹೋದರು.

ಅವರು ಸುಮ್ಮನಿರಲಿಲ್ಲ. ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿದ್ದಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು, ಆ ನಿಯಮಗಳನ್ನೂ ತೆಗೆಯುವುದಾಗಿ ಹೇಳಿತು. ಬಡ್ತಿ ಸಿಕ್ಕಿದ್ದರಿಂದ ಕೋರ್ಟು ಅರ್ಜಿಯನ್ನು ಮುಕ್ತಾಯ ಮಾಡಿತು. ಆದರೆ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳಲ್ಲಿರುವ ಲಿಂಗ ತಾರತಮ್ಯವನ್ನೆಲ್ಲ ತೆಗೆದುಹಾಕಬೇಕೆಂದು ಸರ್ಕಾರಕ್ಕೆ ಹೇಳಿದರು. ಮುತ್ತಮ್ಮ ಆಮೇಲೆ ನೆದರ್ಲೆಂಡ್ಸ್‌ಗೆ ರಾಯಭಾರಿಯಾಗಿ ಹೋದರು, 1982ರಲ್ಲಿ ನಿವೃತ್ತರಾದರು, 2009ರಲ್ಲಿ ತೀರಿಕೊಂಡರು.

ಮುತ್ತಮ್ಮ ಬರೆದುಕೊಟ್ಟ ಮುಚ್ಚಳಿಕೆ ಕಾಗದದ ಮೇಲಿತ್ತು, ಆದ್ದರಿಂದ ಕೋರ್ಟಿಗೆ ತೋರಿಸಲು ಸಾಧ್ಯವಾಯಿತು. ನಮ್ಮ ಹೆಣ್ಣುಮಕ್ಕಳ ಮುಚ್ಚಳಿಕೆ ಕಾಗದದಲ್ಲಿ ಇರುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದ ದಿನವೇ ಬಾಯಿಮಾತಿನಲ್ಲಿ ಮುಗಿದುಹೋಗುತ್ತದೆ. "ಹುಡುಗಿ ಓದಿರಬೇಕು, ಆದರೆ ಕೆಲಸಕ್ಕೆ ಕಳಿಸುವುದಿಲ್ಲ" ಎನ್ನುವವರು ಒಂದು ಬಗೆ. "ಕೆಲಸದಲ್ಲಿರುವ ಹುಡುಗಿಯೇ ಬೇಕು, ಸಂಬಳ ನಮ್ಮ ಕೈಗೆ ಬರಬೇಕು" ಎನ್ನುವವರು ಇನ್ನೊಂದು ಬಗೆ. ಎರಡನೆಯವರನ್ನು ಹೊಸ ಕಾಲದವರು ಎಂದು ನಾವು ಹೊಗಳುತ್ತೇವೆ. ಸ್ವಲ್ಪ ಯೋಚಿಸಿ. ಸಂಬಳ ಬಂದ ದಿನವೇ ಎ.ಟಿ.ಎಂ. ಕಾರ್ಡು ಗಂಡನ ಜೇಬು ಸೇರಿದರೆ ಅದು ತಿಂಗಳು ತಿಂಗಳು ಕಂತಿನಲ್ಲಿ ಕೊಡುವ ವರದಕ್ಷಿಣೆ. ಮದುವೆಯ ದಿನದ ವರದಕ್ಷಿಣೆಗಾದರೂ ಒಂದು ಮೊತ್ತ ಇರುತ್ತದೆ, ಇದಕ್ಕೆ ಅದೂ ಇಲ್ಲ.

ಇನ್ನು ನಮ್ಮ ನಾಲ್ಕು ತಾಲ್ಲೂಕಿನ ಹೊಲಗಳಿಗೆ ಬರೋಣ. ಇದು ಹೊಗೆಸೊಪ್ಪಿನ ಸೀಮೆ. ಸಸಿ ನೆಡುವುದರಿಂದ ಹಿಡಿದು ಕಳೆ ತೆಗೆಯುವುದು, ಎಲೆ ಹೊರುವುದು, ಕಡ್ಡಿಗೆ ಕಟ್ಟುವುದು, ಬೆಂದ ಎಲೆಯನ್ನು ಬಣ್ಣ ನೋಡಿ ಗ್ರೇಡ್ ಮಾಡುವುದು, ಇವುಗಳಲ್ಲಿ ಹೆಂಗಸರ ಕೈ ಎಷ್ಟಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಸಿ ಎಲೆಯ ರಸದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಮಳೆಯಲ್ಲಿ, ಇಬ್ಬನಿಯಲ್ಲಿ ನೆನೆದ ಎಲೆ ಮುಟ್ಟಿದ ದಿನ ತಲೆ ಸುತ್ತುವುದು, ವಾಂತಿಯಾಗುವುದು ಅದಕ್ಕೇ. ಅದನ್ನು ಪಿತ್ತ ಎಂದು ನಿಂಬೆ ಹಣ್ಣು ಹಿಂಡಿಕೊಂಡು ಕುಡಿದು ಮತ್ತೆ ಕೆಲಸಕ್ಕೆ ಕೂರುತ್ತೇವೆ.

ಆದರೆ ತಂಬಾಕು ಮಂಡಳಿಯ ಪರವಾನಗಿ ಯಾರ ಹೆಸರಿನಲ್ಲಿದೆ? ಬ್ಯಾರನ್ ಯಾರ ಹೆಸರಿನಲ್ಲಿದೆ? ಹರಾಜು ಕಟ್ಟೆಯಲ್ಲಿ ಬೇಲು ಮಾರಿದ ಹಣ ಯಾರ ಖಾತೆಗೆ ಬೀಳುತ್ತದೆ? ಬಹುಪಾಲು ಮನೆಗಳಲ್ಲಿ ಉತ್ತರ ಒಂದೇ. ಪಹಣಿ ಯಾರ ಹೆಸರಿನಲ್ಲೋ ಪರವಾನಗಿ ಅವರ ಹೆಸರಿನಲ್ಲಿ. ಹೀಗಾಗಿ ಅವನು ರೈತ, ಅವಳು "ಮನೆ ಕೆಲಸ ಮಾಡಿಕೊಂಡು ಹೊಲದಲ್ಲಿ ಸ್ವಲ್ಪ ಸಹಾಯ ಮಾಡುವವಳು". ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ನಾಟಿ ಹಾಕುವವಳ ಕಥೆಯೂ, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವವಳ ಕಥೆಯೂ ಬೇರೆಯಲ್ಲ. ಕೆಲಸಕ್ಕೆ ಹೆಸರಿಲ್ಲದಿದ್ದರೆ ಬಡ್ತಿಯ ಮಾತು ಎಲ್ಲಿಂದ ಬರಬೇಕು?

ಹೊಲ ಹೆಣ್ಣಿನ ಹೆಸರಿಗೆ ಬರಲು ಕಾನೂನಿನ ದಾರಿ ಇಲ್ಲವೆಂದಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. ಇಡೀ ದೇಶಕ್ಕೆ ಆ ಕಾನೂನು ಬಂದದ್ದು 2005ರಲ್ಲಿ. ಆದರೂ ಮದುವೆಯಾದ ಮಗಳನ್ನು ಕರೆಸಿ ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. "ನಿನ್ನ ಮದುವೆಗೆ ಅಷ್ಟು ಕೊಟ್ಟಿದ್ದೇವಲ್ಲ" ಎನ್ನುವುದು ಅಣ್ಣತಮ್ಮಂದಿರ ವಾದ. ನೋಡಿ, ವರದಕ್ಷಿಣೆ ಎರಡು ಕಡೆ ಹೇಗೆ ಕೊಯ್ಯುತ್ತದೆ! ಕೊಟ್ಟ ಹಣ ಗಂಡನ ಮನೆಯವರ ಪಾಲಾಗುತ್ತದೆ. ಕೊಟ್ಟೆವೆಂಬ ಲೆಕ್ಕದಲ್ಲಿ ತವರಿನ ಭೂಮಿಯೂ ಕೈ ಬಿಡುತ್ತದೆ. ಮಧ್ಯೆ ನಿಂತವಳ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಏಟು ಬಿದ್ದ ರಾತ್ರಿ ಅವಳು ಎಲ್ಲಿಗೆ ಹೋಗಬೇಕು? ಅವಳು ಅನುಸರಿಸಿಕೊಂಡು ಹೋಗುವುದು ಗುಣದಿಂದಲ್ಲ, ಹೋಗಲು ಜಾಗವಿಲ್ಲದೆ.

ಈಗ ನಮ್ಮ ಸಂಘಗಳ ವಿಷಯ. ಇದು ಸ್ವಲ್ಪ ಕಹಿ, ಆದರೂ ನಮ್ಮ ನಮ್ಮಲ್ಲಿ ಆಡಿಕೊಳ್ಳಲೇಬೇಕು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ಎಚ್.ಡಿ. ಕೋಟೆಯಲ್ಲಿ ಮೈರಾಡ ಸಂಸ್ಥೆ ಸಂಘಗಳನ್ನು ಕಟ್ಟಿತು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಿದರು, ಬ್ಯಾಂಕಿನ ಮ್ಯಾನೇಜರ್ ಮುಂದೆ ಕುರ್ಚಿಯಲ್ಲಿ ಕೂತರು. ಇದು ಸಣ್ಣ ಗೆಲುವಲ್ಲ.

ಆದರೆ ಸಾಲದ ಪುಸ್ತಕ ತೆಗೆದು ನೋಡಿ. "ಹಸು ಸಾಲ" ಎಂದು ಬರೆದಿರುತ್ತದೆ, ಕೊಟ್ಟಿಗೆಗೆ ಹಸು ಬಂದಿರುವುದಿಲ್ಲ. ಆ ಹಣ ಮಗಳ ಮದುವೆಯಲ್ಲಿ ಅಳಿಯನ ಬೈಕಾಗಿ ಹೋಗಿರುತ್ತದೆ. ಇನ್ನು ಕೆಲವು ಸಾಲ ಗಂಡನ ಕೈಗೆ ಹೋಗಿ, ವಾರದ ಕಂತು ಮಾತ್ರ ಹೆಂಡತಿಯ ಕೂಲಿಯಿಂದ ಬರುತ್ತದೆ. ಕಂತು ತಪ್ಪಿದರೆ ಸಂಘದಲ್ಲಿ ಅವಮಾನ, ಹಣ ಕೇಳಿದರೆ ಮನೆಯಲ್ಲಿ ಏಟು. ನಾವು ಹೆಣ್ಣುಮಕ್ಕಳ ಬಿಡುಗಡೆಗೆಂದು ಕಟ್ಟಿದ ಸಂಘವೇ ವರದಕ್ಷಿಣೆಗೆ ಸಾಲ ಕೊಡುವ ಸಂಸ್ಥೆಯಾದರೆ ವರದಕ್ಷಿಣೆ ವಿರುದ್ಧ ಘೋಷಣೆ ಕೂಗಿ ಏನು ಪ್ರಯೋಜನ?

ಗ್ರಾಮ ಪಂಚಾಯ್ತಿಯಲ್ಲೂ ಇದೇ ಪ್ರಶ್ನೆ. 1993ರ ಪಂಚಾಯತ್ ರಾಜ್ ಕಾಯ್ದೆ ಹೆಂಗಸರಿಗೆ ಮೂರನೇ ಒಂದು ಭಾಗ ಸ್ಥಾನ ಕೊಟ್ಟಿತು, 2010ರ ತಿದ್ದುಪಡಿ ಅದನ್ನು ಅರ್ಧಕ್ಕೆ ಏರಿಸಿತು. ಸಂಘದಲ್ಲಿ ಮಾತು ಕಲಿತ ಎಷ್ಟೋ ಅಕ್ಕಂದಿರು ಸದಸ್ಯೆಯರಾದರು, ಅಧ್ಯಕ್ಷೆಯರಾದರು. ಆದರೆ ಸಭೆಗೆ ಅಧ್ಯಕ್ಷೆಯ ಗಂಡ ಹೋಗಿ ಕೂರುವುದನ್ನೂ ನಾವು ಕಂಡಿದ್ದೇವೆ. "ಮನೆಯಲ್ಲಿ ಶಾಂತಿ ಇರಲಿ ಅಂತ ಬಿಟ್ಟುಕೊಟ್ಟೆ" ಎನ್ನುತ್ತಾಳೆ ಅಧ್ಯಕ್ಷೆ. ಆ ಶಾಂತಿಯ ಬೆಲೆ ಅವಳ ಕುರ್ಚಿ.

ಹಾಗಾದರೆ ಯಾವುದಕ್ಕೂ ಒಪ್ಪಬಾರದೆ, ಮನೆ ಮುರಿದುಕೊಳ್ಳಬೇಕೆ ಎಂದು ಕೇಳಬಹುದು. ಹಾಗೆ ಯಾರೂ ಹೇಳುತ್ತಿಲ್ಲ. ಕೂಸು ಸಣ್ಣದಿದ್ದಾಗ ಒಂದು ವರ್ಷ ಕೆಲಸ ಬಿಡುವುದು, ಅತ್ತೆಗೆ ಕಾಯಿಲೆಯಾದಾಗ ತರಬೇತಿ ಮುಂದೂಡುವುದು ಬದುಕಿನಲ್ಲಿ ಇದ್ದದ್ದೇ. ಅದು ಹೊಂದಾಣಿಕೆಯೋ ಸೋಲೋ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಅವನೂ ಏನಾದರೂ ಬಿಟ್ಟುಕೊಟ್ಟನೆ, ಇಲ್ಲ ನಾನೊಬ್ಬಳೇ ಬಿಟ್ಟೆನೆ? ಎರಡು, ಮುಂದೆ ಪರಿಸ್ಥಿತಿ ಬದಲಾದರೆ ಈ ಮಾತನ್ನು ಮತ್ತೆ ಎತ್ತಬಹುದೆ? ಮೂರು, ನಾನು ಒಪ್ಪುವುದಿಲ್ಲ ಎಂದರೆ ನನ್ನ ಮೈಮೇಲೆ ಕೈ ಬೀಳುತ್ತದೆಯೆ, ಊಟ ತಪ್ಪುತ್ತದೆಯೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆಯೆ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಅದು ಹೊಂದಾಣಿಕೆ ಅಲ್ಲ, ದೌರ್ಜನ್ಯ. ಭಯದಿಂದ ಹೇಳಿದ "ಆಗಲಿ" ಒಪ್ಪಿಗೆ ಆಗುವುದಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಹೊಡೆತ ಮಾತ್ರ ದೌರ್ಜನ್ಯ ಎಂದು ಈ ಕಾಯ್ದೆ ತಿಳಿಯುವುದಿಲ್ಲ. ದೂರು ಬರೆದುಕೊಳ್ಳುವ ನಮೂನೆಯಲ್ಲೇ ಕೆಲಸಕ್ಕೆ ಸೇರದಂತೆ ತಡೆಯುವುದು, ಇರುವ ಕೆಲಸ ಬಿಡುವಂತೆ ಒತ್ತಾಯಿಸುವುದು, ಸಂಬಳ ಅಥವಾ ಕೂಲಿಯನ್ನು ಕಿತ್ತುಕೊಳ್ಳುವುದು ಎಲ್ಲವೂ ಇವೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಇದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿಯ ಕೆಲಸಕ್ಕೆ ನೀವು ಹೋಗುವ ಅದೇ ಕಛೇರಿ. ಈ ಕಾಯ್ದೆಯಡಿ ಮನೆ ಬಿಟ್ಟು ಹೊರಹಾಕದಂತೆ, ಜೀವನಾಂಶ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಹಿಂಸೆ ಮಿತಿ ಮೀರಿದರೆ ಕ್ರಿಮಿನಲ್ ದೂರು ಬೇರೆ ಇದೆ. ಮೊದಲು 498ಎ ಎಂದು ನಾವು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಅದಕ್ಕೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಫೋನಿಗೆ 181 ಇದೆ.

ಮನೆಯ ಹೊರಗೆ ಕೆಲಸದ ಜಾಗದಲ್ಲೂ ಹೆಣ್ಣಿನಿಂದ ಕೆಟ್ಟ ರಾಜಿ ಕೇಳುವವರಿದ್ದಾರೆ. "ಸ್ವಲ್ಪ ನಗುನಗುತ್ತಾ ಇದ್ದರೆ ಹಾಜರಿ ಹಾಕುತ್ತೇನೆ" ಎನ್ನುವ ಮೇಸ್ತ್ರಿ ಎಲ್ಲ ಕಡೆ ಇದ್ದಾನೆ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿ ಎಂಬ ಗ್ರಾಮ ಕಾರ್ಯಕರ್ತೆಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದಿಂದ ಎದ್ದ ಹೋರಾಟವೇ 1997ರ ವಿಶಾಖಾ ತೀರ್ಪಿಗೆ, ಆಮೇಲೆ 2013ರ ಕಾಯ್ದೆಗೆ ದಾರಿಯಾಯಿತು. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯವರೂ, ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು ಎಂಬುದನ್ನು ಮರೆಯಬೇಡಿ.

ಒಬ್ಬಳೇ ಹೋದರೆ ಸಾಗಹಾಕುತ್ತಾರೆ, ನಿಜ. ಅದಕ್ಕೇ ಸಂಘ ಇರುವುದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಭವಿಷ್ಯನಿಧಿಯ ಹಣ ತೆಗೆಯದಂತೆ ಕೇಂದ್ರ ಸರ್ಕಾರ ತಂದಿದ್ದ ಹೊಸ ನಿಯಮದ ವಿರುದ್ಧ ಅವರ ಸಿಟ್ಟು. ಎರಡು ದಿನದಲ್ಲಿ ಸರ್ಕಾರ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ಮುತ್ತಮ್ಮ ಒಬ್ಬರೇ ಕೋರ್ಟಿಗೆ ಹೋಗಿ ಗೆದ್ದರು. ಇವರು ಒಟ್ಟಾಗಿ ಬೀದಿಗೆ ಬಂದು ಗೆದ್ದರು. ನಮ್ಮಂಥವರಿಗೆ ಎರಡನೆಯ ದಾರಿಯೇ ಹತ್ತಿರ.

ಕೊನೆಯದಾಗಿ ನಾಲ್ಕು ಕೆಲಸ ಹೇಳುತ್ತೇನೆ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹದಿನೈದು ನಿಮಿಷ ಇಡಿ. ಆ ವಾರ ನೋಡಿದ ಧಾರಾವಾಹಿಯ ಬಗ್ಗೆಯೇ ಮಾತಾಡಿ: ಬಿಟ್ಟುಕೊಟ್ಟವರು ಯಾರು, ಯಾಕೆ, ಅದೇ ಜಾಗದಲ್ಲಿ ಗಂಡ ಇದ್ದಿದ್ದರೆ ಏನಾಗುತ್ತಿತ್ತು? ತನ್ನ ಮನೆಯ ಕಥೆ ಹೇಳಲು ನಾಚುವವಳು ಪರದೆಯ ಕಥೆ ಹೇಳುತ್ತಾ ತನ್ನದನ್ನೂ ಹೇಳಿಬಿಡುತ್ತಾಳೆ. ಎರಡನೆಯದು, ವರದಕ್ಷಿಣೆಗೆ ಸಾಲ ಕೊಡುವುದಿಲ್ಲ ಎಂದು ಸಂಘದ ಪುಸ್ತಕದಲ್ಲಿ ನಿರ್ಣಯ ಬರೆಯಿರಿ. ಮಗಳ ಓದಿಗೆ, ಹೊಲಿಗೆ ಯಂತ್ರಕ್ಕೆ, ಅವಳ ಹೆಸರಿನ ಹಸುವಿಗೆ ಮೊದಲು ಕೊಡಿ. ಮೂರನೆಯದು, ಏಟು ತಿಂದು ಬಂದವಳಿಗೆ ರಾಜಿ ಮಾಡಿಸಲು ಆತುರ ಪಡಬೇಡಿ. ಮೊದಲು ಅವಳ ಮಾತು ಕೇಳಿ, ಆಸ್ಪತ್ರೆಗೆ, ಕಛೇರಿಗೆ ಇಬ್ಬರು ಜೊತೆಗೆ ಹೋಗಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಾರ್ಜಿಗೆ ಗಂಡನ ಮುಂದೆ ಕೈಯೊಡ್ಡಬೇಕಾಗಿಲ್ಲ. ನಾಲ್ಕನೆಯದು, ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಸಂಘಕ್ಕೆ ಬಂದು ಓದಿಸಿಕೊಳ್ಳಲಿ.

ನಮ್ಮ ಆಸೆಗಳು ದೊಡ್ಡವಲ್ಲ. ಪಾಸ್‌ಬುಕ್ಕಿನಲ್ಲಿ ಸ್ವಂತ ಹೆಸರು, ಪಹಣಿಯಲ್ಲಿ ಒಂದು ಸಾಲು, ಪಂಚಾಯ್ತಿ ಸಭೆಯಲ್ಲಿ ತಾನೇ ಕೂರುವ ಕುರ್ಚಿ, ಏಟಿಲ್ಲದ ರಾತ್ರಿ. ಇಷ್ಟನ್ನು ಕೇಳುವುದಕ್ಕೆ ದುರಾಸೆ ಎಂದು ಯಾರಾದರೂ ಹೆಸರಿಟ್ಟರೆ ಇಡಲಿ. ಮುಂದಿನ ಸಲ "ಅನುಸರಿಸಿಕೊಂಡು ಹೋಗು" ಎಂಬ ಮಾತು ನಮ್ಮ ಬಾಯಿಗೆ ಬಂದಾಗ ಒಂದು ಕ್ಷಣ ತಡೆದು, ಅವಳ ಗಂಡನಿಗೂ ಆ ಮಾತನ್ನು ಯಾರಾದರೂ ಹೇಳಿದ್ದಾರೆಯೆ ಎಂದು ಕೇಳೋಣ. ಹೇಳಿಲ್ಲವಾದರೆ ನಾವೇ ನಾಲ್ಕು ಜನ ಹೋಗಿ ಹೇಳಿ ಬರೋಣ.